ಹೊಲಿಗೆ ಮಿಸ್ ಕೊಯ್ದ ತೊಟ್ಟಿಲು

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಯಾರ ಮನೆಗೇ ಹೋಗಿ, ಮರದ ಒಂದಾದರೂ ಸಾಮಾನು ತುಸು ಎಡಕ್ಕೆ ವಾಲಿಕೊಂಡಿರುತ್ತದೆ. ಮೂಲೆಮನೆಯವರ ದೇವರ ಮಂಟಪದ ಕಮಾನು, ಎದುರುಮನೆಯವರ ಕನ್ನಡಿಯ ಚೌಕಟ್ಟು, ನಮ್ಮ ಅಡುಗೆಮನೆಯ ಲೋಟದ ಸ್ಟ್ಯಾಂಡು. ಹೊಸಬರು ಬಂದರೆ ಕತ್ತನ್ನು ಸ್ವಲ್ಪ ಓರೆ ಮಾಡಿ ನೋಡುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಇವೆಲ್ಲ ಒಬ್ಬರೇ ಕೊಯ್ದು ಕೊಟ್ಟದ್ದು. ಬೇಡ ಎನ್ನುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡಾಗ ನಾವು ಹೆಂಗಸರೆಲ್ಲ ಹೋಗಿ ಕಣ್ಣೊರೆಸಿಕೊಂಡು ಬಂದೆವು. ದಾರಿಯಲ್ಲಿ ಮೂಲೆಮನೆಯಾಕೆ, "ಇನ್ನು ನಮ್ಮ ಮಂಟಪ ರಿಪೇರಿ ಮಾಡಿಸಬಹುದು, ಅಲ್ವಾ?" ಎಂದು ಮೆಲ್ಲಗೆ ಕೇಳಿದರು. ಕೇಳಿದ ಆಕೆಯೇ ಇದುವರೆಗೆ ಮಾಡಿಸಿಲ್ಲ.

ಅವರು ಕಾನ್ವೆಂಟಿನಲ್ಲಿ ನನಗೆ ಹೊಲಿಗೆ ಕಲಿಸಿದವರು. ಹಾಗಾಗಿ ನನ್ನ ಮಟ್ಟಿಗೆ ಕೊನೆಯವರೆಗೂ 'ಮಿಸ್'. ಗಂಜಿ ಹಾಕಿದ ಹತ್ತಿ ಸೀರೆ, ಕೊರಳಲ್ಲಿ ಟೇಪು, ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡ ಗುಂಡುಸೂಜಿಗಳು. ಒಂದು ಸೂಜಿಯೂ ಕೆಳಗೆ ಬೀಳದಂತೆ ನಮ್ಮನ್ನು ಬೈಯುವ ವಿದ್ಯೆ ಅವರಿಗೆ ಒಲಿದಿತ್ತು. ಸಿಸ್ಟರುಗಳು ಇಂಗ್ಲಿಷಿನಲ್ಲಿ ನಯವಾಗಿ ಗದರಿಸಿದರೆ ನಮಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಮಿಸ್ ಗದರಿಸಿದರೆ ಸೂಜಿಯ ಸಮೇತ ಅರ್ಥವಾಗುತ್ತಿತ್ತು.

ಕಸೂತಿ ಹಾಕಿ ತೋರಿಸಿದರೆ ಅವರು ಮೇಲ್ಭಾಗದ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಮೊದಲು ಬಟ್ಟೆಯನ್ನು ಮಗುಚುವುದು. ಹಿಂಬದಿಯ ಗಂಟು, ಜೋತಾಡುವ ದಾರ, ಅವಸರಕ್ಕೆ ಒಂದು ಹೂವಿನಿಂದ ಇನ್ನೊಂದಕ್ಕೆ ಹಾರಿಸಿದ ಎಳೆ, ಎಲ್ಲವನ್ನೂ ಉಗುರಿನಿಂದ ಎತ್ತಿ ಎತ್ತಿ ನೋಡುವುದು.

"ಮುಂದುಗಡೆ ಎಲ್ಲರೂ ಚೆನ್ನಾಗೇ ಇರ್ತಾರೆ ಕಣೇ. ಹಿಂದೆ ತಿರುಗಿಸಿ ನೋಡ್ಬೇಕು."

ನನ್ನ ಗುಲಾಬಿಯನ್ನು ಮಗುಚಿ, "ಇದೇನು, ಜೇಡ ಗೀಡ ಸತ್ತುಹೋಗಿದೆಯಾ?" ಎಂದು ಕೇಳಿದ್ದರು. ನಾನು ಮದುವೆಯಾಗಿ ಇದೇ ಬೀದಿಗೆ ಬಂದ ಮೇಲೂ ಬಿಡಲಿಲ್ಲ. ಒಂದು ದಿನ ತರಕಾರಿ ಗಾಡಿಯ ಮುಂದೆ, ಸೊಪ್ಪಿನವನು ನೋಡುತ್ತಿದ್ದಂತೆಯೇ, ನನ್ನ ಹೊಸ ರವಿಕೆಯ ತೋಳಿನಂಚು ಮಗುಚಿ ಒಳಹೊಲಿಗೆ ನೋಡಿ, "ಯಾರು ಹೊಲಿದಿದ್ದು? ಅವನ ಕೈ ಮುರಿಯಾ" ಎಂದಿದ್ದರು.

ನಿವೃತ್ತಿಯಾದ ಮೇಲೆ ಅವರ ಕೈಗೆ ಜಿಗ್‌ಸಾ ಮಷೀನು ಬಂತು. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅವರ ತಮ್ಮ ತನಗೆಂದು ಕೊಂಡು, ಬೇಸರವಾಗಿ, ಅಕ್ಕನ ಮನೆಯ ಅಟ್ಟದ ಮೇಲೆ ಇಟ್ಟುಹೋಗಿದ್ದ. ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡದು. ಅಡಿಗೆ ಚಪ್ಪಟೆ ತಟ್ಟೆ, ತಟ್ಟೆಯಿಂದ ಕೆಳಕ್ಕೆ ಹಲ್ಲುಹಲ್ಲಿನ ಸಣ್ಣ ಬ್ಲೇಡು. ಸ್ವಿಚ್ ಒತ್ತಿದರೆ ಬ್ಲೇಡು ಟಕಟಕ ಮೇಲೆ ಕೆಳಗೆ ಆಡುತ್ತದೆ. ಮಿಸ್ ಅದನ್ನು ಒಮ್ಮೆ ಚಾಲೂ ಮಾಡಿ ನೋಡಿದರಂತೆ.

"ಇದು ಹೊಲಿಗೆ ಮಷೀನೇ ಕಣೇ, ದಾರ ಇಲ್ಲ ಅಷ್ಟೆ" ಎಂದು ನನಗೆ ಬಂದು ಹೇಳಿದರು. ಮುಖದಲ್ಲಿ ಹೊಸ ಸಂಬಂಧ ಕುದುರಿದವರ ಕಳೆ.

ನೇರವಾಗಿ ಕೊಯ್ಯುವುದೆಂದರೆ ಅವರಿಗೆ ಅವಮಾನ. "ನೇರಕ್ಕೆ ಕೊಯ್ಯೋಕೆ ಯಾರಾದ್ರೂ ಆಗ್ತಾರೆ. ಕಂಕುಳು, ಕತ್ತು, ಗುಂಡಗೆ ಬರೋದು ಎಷ್ಟು ಜನರಿಗೆ ಬರುತ್ತೆ?" ಎನ್ನುವರು. ತೆಳು ಹಲಗೆಯಲ್ಲಿ ಗಿಳಿ, ಮಾವಿನಕಾಯಿ, ಶಂಖ ಕೊಯ್ದು ಬೇಗನೆ ಬೇಸರಪಟ್ಟರು. ತೆಳು ಹಲಗೆ ವಾಯಿಲ್ ಬಟ್ಟೆಯಂತೆ, ದಪ್ಪ ಮರ ಕೋಟಿನ ಬಟ್ಟೆ. ಕೋಟು ಹೊಲಿಯಲಾರದವರು ಟೈಲರೇ ಅಲ್ಲ ಎಂಬುದು ಅವರ ಅಭಿಪ್ರಾಯ. ಅಲ್ಲಿಂದ ಬೀದಿಗೆ ಗ್ರಹಚಾರ ಶುರುವಾಯಿತು.

ಅವರಿಗೆ ಏನೂ ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗುಂಡಗಿನ ಕತ್ತು ಹೊಲಿಯುವಾಗ ಅಂಚಿಗೆ ಕತ್ತರಿಯಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಸೀಳು ಕೊಟ್ಟರೆ ಬಟ್ಟೆ ಸುಲಭವಾಗಿ ಬಾಗುತ್ತದೆ. ಮಿಸ್ ಮರಕ್ಕೂ ಅದನ್ನೇ ಮಾಡಿದರು. ಬಾಗಿದ ಗೆರೆಯನ್ನು ಮುಟ್ಟುವ ಮುಂಚೆ ಹಲಗೆಯ ಅಂಚಿನಿಂದ ಗೆರೆಯವರೆಗೆ ನಾಲ್ಕಾರು ನೇರ ಸೀಳು. ಆಮೇಲೆ ಗೆರೆ ಹಿಡಿದು ಹೊರಟರೆ ಬೇಡದ ಮರ ತುಂಡುತುಂಡಾಗಿ ಕಳಚಿ ಬೀಳುತ್ತಿತ್ತು, ಬ್ಲೇಡಿಗೆ ತಿರುಗಲು ಜಾಗ ಸಿಗುತ್ತಿತ್ತು. ಅದನ್ನು ನೋಡಲು ಚೆಂದ. ಹಲಸಿನ ಮರದ ಹಳದಿ ಪುಡಿ ಸೀರೆಯ ಮೇಲೆ, ಕೆನ್ನೆಯ ಮೇಲೆ, ಕಿವಿಯ ಹಿಂದೆ. ಆಗತಾನೇ ಅರಿಶಿನದ ಶಾಸ್ತ್ರ ಮುಗಿಸಿ ಎದ್ದವರ ಹಾಗೆ ಕಾಣುತ್ತಿದ್ದರು. ತುಟಿಯಲ್ಲಿ ಈಗ ಸೂಜಿಯ ಬದಲು ಪೆನ್ಸಿಲ್ಲು.

ಆದರೆ ಹೊಲಿಗೆಯವರಿಗೆ ಅವಸರವೂ ಇರುತ್ತದಲ್ಲ. ಹಬ್ಬದ ಹಿಂದಿನ ದಿನ ರವಿಕೆ ಕೊಡಬೇಕಾದವರಂತೆ ಮಷೀನನ್ನು ತಳ್ಳುವರು. ಮರ ಹೊಗೆಯಾಡಿ, ಸೀದ ರೊಟ್ಟಿಯ ವಾಸನೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಬ್ಲೇಡಿಗೆ ಹಿಡಿತ ಇರುವುದು ಮೇಲ್ತುದಿಯಲ್ಲಿ ಮಾತ್ರ. ದಪ್ಪ ಮರದ ಬಾಗಿನಲ್ಲಿ ತಳ್ಳಿದರೆ, ಮೇಲೆ ಗೆರೆಯ ಮೇಲೇ ಹೋಗುತ್ತಾ, ಮರದೊಳಗೆ ಅದರ ಕೆಳತುದಿ ತನಗೆ ಬೇಕಾದ ಕಡೆ ಸೊಟ್ಟಗೆ ಬಳುಕುತ್ತದೆ. ಇದು ನಮ್ಮ ಯಜಮಾನರು ಫೋನಿನಲ್ಲಿ ವಿಡಿಯೊ ನೋಡಿ ಹೇಳಿದ್ದು. ಮಿಸ್‌ಗೆ ಹೇಳಿ ಎಂದರೆ, "ನಿನ್ನ ಮಿಸ್, ನೀನೇ ಹೇಳು" ಎಂದು ಪೇಪರಿನೊಳಗೆ ಸೇರಿಕೊಂಡರು.

ಬಟ್ಟೆಯನ್ನು ಮಗುಚದೆ ಬಿಡದ ಆ ಹೆಂಗಸು ಮರವನ್ನು ಒಮ್ಮೆಯೂ ಮಗುಚಲಿಲ್ಲ. ಮೇಲಿನ ಮುಖ ನೋಡುವರು, ಗೆರೆಯ ಮೇಲೆ ಬೆರಳಾಡಿಸುವರು, "ಕೂದಲೆಳೆ ಆಚೀಚೆ ಇಲ್ಲ" ಎನ್ನುವರು. ನಿಜವೇ. ಮೇಲೆ ಕೂದಲೆಳೆಯೂ ಆಚೀಚೆ ಇರುತ್ತಿರಲಿಲ್ಲ.

ಪಕ್ಕದ ಬೀದಿಯ ಬೊಂಬೆ ಸಾಹೇಬರಿಗೆ ಮಿಸ್‌ರ ಮಷೀನು ಕಂಡರೆ ತಮಾಷೆ. ಅವರದು ತಲೆಮಾರುಗಳಿಂದ ಚರಕಿಗೆ ಮರ ಸಿಕ್ಕಿಸಿ ತಿರುಗಿಸಿ ಬೊಂಬೆ ಮಾಡುವ ಮನೆ. ಕೆಲಸಕ್ಕಿಂತ ಮಾತು ಹೆಚ್ಚು.

"ಟೀಚರಮ್ಮ, ಮರ ತಿರುಗಬೇಕು, ಉಳಿ ಸುಮ್ನೆ ನಿಂತಿರಬೇಕು. ನೀವು ಮರ ನಿಲ್ಸಿಬಿಟ್ಟು ನೀವೇ ಸುತ್ತಾ ತಿರುಗ್ತೀರಲ್ಲ, ತಲೆ ಸುತ್ತಲ್ವಾ?"

"ನಿಮ್ದು ಬರೀ ಗುಂಡಗಿರೋದು ಸಾಹೇಬ್ರೆ. ಬುಗುರಿ ಬಿಟ್ಟು ಬೇರೆ ಏನಾದ್ರೂ ಮಾಡಿದ್ದೀರಾ?"

"ಬುಗುರಿ ಬುಗುರಿ ಥರ ನಿಲ್ತದೆ ಟೀಚರಮ್ಮ. ನಿಮ್ಮ ಗಿಳಿ ಯಾಕೆ ನಿಲ್ಲಲ್ಲ?"

"ಗಿಳಿ ಅಂದ್ರೆ ಹಾರೋದು. ನಿಲ್ಲೋದಲ್ಲ."

ಸಾಹೇಬರು ನಗುತ್ತಾ ಬೀಡಿ ಹಚ್ಚಿಕೊಂಡು ಹೋದರು. ಆ ಗಿಳಿ ಇವತ್ತಿಗೂ ಅವರ ಅಂಗಡಿಯ ಗಲ್ಲಾದ ಮೇಲೆ ಗೋಡೆಗೆ ಒರಗಿಕೊಂಡಿದೆ.

ಇಂಥ ಸಮಯದಲ್ಲಿ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ಗಂಡು ಮಗು. ಅವಳನ್ನು ಕೊಟ್ಟದ್ದು ಕನಕಪುರದ ಕಡೆ ದೊಡ್ಡಆಲಹಳ್ಳಿಗೆ, ಹೊಲ ತೋಟ ಇರುವ ತುಂಬಿದ ಮನೆ. ನಮ್ಮ ಬೀಗಿತ್ತಿ ಫೋನು ಮಾಡಿದರು.

"ತೊಟ್ಲು ತವರಿಂದ್ಲೇ ಆಗ್ಬೇಕು ಕಣವ್ವ, ನಮ್ ಕಡೆ ಅಂಗೇ. ಬೆಳ್ಳಿದು ಗಿಳ್ಳಿದು ಏನೂ ಬ್ಯಾಡ. ಗಟ್ಟಿಯಾಗಿದ್ರೆ ಸಾಕು."

ಫೋನು ಇಡುವ ಮುಂಚೆ ಮತ್ತೆ ಹೇಳಿದರು. "ನಾಮಕರಣದ ದಿನ ಕೂಸಿನ ತಲೆ ಮೂಡಲಿಗೇ ಇರ್ಲಿ. ಬಡಗಲಿಗೆ ತಿರುಗ್ಬಾರ್ದು. ಹೋದ್ಸಲ ಆಗಿದ್ದು ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಅವರ ಹಿರಿಸೊಸೆಯ ಮಗು ತೊಟ್ಟಿಲಿಗೆ ಹಾಕಿದ ವಾರದಲ್ಲೇ ಹೋಗಿತ್ತು. ಆಸ್ಪತ್ರೆಯವರು ಜ್ವರ ಅಂದರು. ಆಕೆ ಮಾತ್ರ, ಅವತ್ತು ಮಗುವಿನ ತಲೆ ಉತ್ತರಕ್ಕಿತ್ತು, ಯಾರೂ ನೋಡಲಿಲ್ಲ ಎಂದು ಈಗಲೂ ಹೇಳುತ್ತಾರೆ. ಅದಕ್ಕೆ ನಾವು ಏನು ತಾನೇ ವಾದ ಹೂಡುವುದು?

ತೂಗುತೊಟ್ಟಿಲು ಕಟ್ಟಲು ನಮ್ಮ ಹೊಸ ಮನೆಯ ಚಾವಣಿಯಲ್ಲಿ ಕೊಂಡಿಯಿಲ್ಲ. ಮಾತು ಮಿಸ್ ಕಿವಿಗೆ ಬಿತ್ತು. ಬೀಳದೆ ಇರುತ್ತದೆಯೇ?

"ಕೊಂಡಿ ಇಲ್ದಿದ್ರೇನು? ಕಾಲಿಗೇ ಬಾಗು ಕೊಟ್ರೆ ನೆಲದ ಮೇಲೇ ತೂಗುತ್ತೆ. ನಾನು ಮಾಡ್ತೀನಿ. ನಿನ್ನ ಮೊಮ್ಮಗು ಅಂದ್ರೆ ನನಗೆ ಮರಿಮೊಮ್ಮಗು."

"ನಿಮಗ್ಯಾಕೆ ತೊಂದರೆ, ಮಿಸ್..."

"ತೊಂದರೆ ಅಂತ ಯಾರು ಹೇಳಿದ್ರು?"

ಕಾನ್ವೆಂಟಿನಲ್ಲಿ ನಮಗೆ 'ಪ್ಲೀಸ್', 'ಸಾರಿ', 'ಥ್ಯಾಂಕ್ಯೂ' ಚೆನ್ನಾಗಿ ಕಲಿಸಿದ್ದರು. 'ಬೇಡ' ಎನ್ನುವುದನ್ನು ಯಾವ ಕ್ಲಾಸಿನಲ್ಲೂ ಕಲಿಸಿದ ನೆನಪಿಲ್ಲ.

ಮಾಗಡಿ ಕಡೆಯಿಂದ ಹಲಸಿನ ಹಲಗೆ ಬಂತು. ತೊಟ್ಟಿಲಿನ ಪೆಟ್ಟಿಗೆಯನ್ನು ಬಡಗಿಯೊಬ್ಬರು ಜೋಡಿಸಿದರು. ಅಡಿಯ ಎರಡು ಬಾಗುಕಾಲು, ತಲೆಯ ಕಡೆಗೊಂದು ಪಾದದ ಕಡೆಗೊಂದು, ಮಿಸ್ ಪಾಲಿಗೆ. ಎರಡೂ ಪಡಿಯಚ್ಚಾಗಿ ಒಂದೇ ಸಮ ಬಾಗಬೇಕು. ಅವರಿಗೆ ಅದೇನು ದೊಡ್ಡ ವಿಷಯವಲ್ಲ. ರವಿಕೆಯ ಎರಡು ತೋಳು ಒಂದೇ ಅಳತೆಗೆ ಬರಲು ಏನು ಮಾಡುತ್ತಾರೆ? ಬಟ್ಟೆಯನ್ನು ಜೋಡಿಸಿ ಮಡಿಸಿ, ಎರಡು ಪದರವನ್ನೂ ಒಟ್ಟಿಗೆ ಕತ್ತರಿಸುತ್ತಾರೆ. ಮಿಸ್ ಎರಡು ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಬಿಗಿದು, ಮೇಲಿನದರ ಮೇಲೆ ಗೆರೆ ಎಳೆದು, ಎರಡನ್ನೂ ಒಂದೇ ಸಲಕ್ಕೆ ಕೊಯ್ದರು. ಒಂದೇ ಹಲಗೆಯಲ್ಲಿ ಸೊಟ್ಟಗಾಗುವ ಬ್ಲೇಡು ಎರಡರಷ್ಟು ದಪ್ಪದಲ್ಲಿ ಏನು ಮಾಡೀತು, ಅದನ್ನೇ ಮಾಡಿತು. ಮೇಲಿನ ಕಾಲು ಬಿದಿಗೆ ಚಂದ್ರನಂತೆ ಅಚ್ಚುಕಟ್ಟು. ಕೆಳಗಿನದು ಅದೇ ಚಂದ್ರ, ಆದರೆ ಊಟ ಜಾಸ್ತಿಯಾದ ಚಂದ್ರ.

ತೊಟ್ಟಿಲು ಮನೆಗೆ ಬಂತು. ನೋಡಲು ಸೊಗಸು, ಸಾಹೇಬರೇ ಅರಗಿನ ಕೆಂಪು ಹಳದಿ ಬಣ್ಣ ಹಾಕಿಕೊಟ್ಟಿದ್ದರು. ಮಿಸ್ ತಮ್ಮ ಮನೆಗೆ ಹೋದ ಮೇಲೆ, ಮಗುವಿನಷ್ಟೇ ತೂಕದ ರಾಗಿಹಿಟ್ಟಿನ ಚೀಲ ಮಲಗಿಸಿ ನಾನೂ ಮಗಳೂ ತೂಗಿ ನೋಡಿದೆವು. ಮೆತ್ತಗೆ, ಸದ್ದಿಲ್ಲದೆ ತೂಗಿತು. ತೂಗುತ್ತಾ ತೂಗುತ್ತಾ ಗ್ರಾನೈಟ್ ನೆಲದ ಮೇಲೆ ಒಂದು ಕಡೆ ಜಾರಿಕೊಂಡು, ತಿರುಗತೊಡಗಿತು. ಪೂರ್ವಕ್ಕೆ ತಲೆ ಇಟ್ಟಿದ್ದ ರಾಗಿಹಿಟ್ಟು ಸ್ವಲ್ಪ ಹೊತ್ತಿಗೆ ಉತ್ತರಕ್ಕೆ ತಲೆ ಹಾಕಿ ಮಲಗಿತ್ತು. ಮತ್ತೆ ನೇರ ಮಾಡಿ ತೂಗಿದೆವು. ಮತ್ತೆ ಉತ್ತರಕ್ಕೇ. ಅಡಿಗೆ ಜಮಖಾನ ಹಾಸಿದರೆ ಜಮಖಾನವನ್ನೂ ಕರೆದುಕೊಂಡು ಹೋಯಿತು.

"ಅಮ್ಮಾ, ನಮ್ಮತ್ತೆ ಇದನ್ನ ನೋಡಿದ್ರೆ ಅಲ್ಲೇ ಕುಸಿದುಹೋಗ್ತಾರೆ" ಎಂದಳು ಮಗಳು. "ಮಿಸ್‌ಗೆ ಹೇಳಮ್ಮ."

"ನೀನೇ ಹೇಳೇ."

"ನನಗೇನು ಅವರು ಹೊಲಿಗೆ ಕಲಿಸಿದ್ದಾ?"

ಯಜಮಾನರು ಬೆಂಗಳೂರಿನಿಂದ ರೆಡಿಮೇಡ್ ತೊಟ್ಟಿಲು ತರುತ್ತೇನೆಂದರು. ತಂದರೆ ಇದನ್ನು ಎಲ್ಲಿ ಬಚ್ಚಿಡುವುದು? ಮಿಸ್ ದಿನಾ ಬಂದು ತೊಟ್ಟಿಲು ನೇವರಿಸಿ ಹೋಗುವವರು. ಕೊನೆಗೆ ಧೈರ್ಯ ಮಾಡಿ ಕರೆದು, "ಯಾಕೋ ಒಂಚೂರು ತಿರುಗುತ್ತೆ ಮಿಸ್" ಎಂದು, ಆ 'ಒಂಚೂರ'ನ್ನು ಎಷ್ಟಾಗುತ್ತದೋ ಅಷ್ಟು ಚಿಕ್ಕದು ಮಾಡಿ ಹೇಳಿದೆ. ಅವರು ಹಿಟ್ಟಿನ ಚೀಲ ಮಲಗಿಸಿ ತೊಟ್ಟಿಲು ತೂಗಿದರು. ಅದು ಉತ್ತರಕ್ಕೆ ಹೋಯಿತು.

"ನಿಮ್ಮ ನೆಲ ಸರಿಯಿಲ್ಲ ಕಣೇ."

"ನೆಲ ಸಮವಾಗೇ ಇದೆ ಟೀಚರ್" ಎಂದು ಪೇಪರಿನ ಹಿಂದಿನಿಂದ ಯಜಮಾನರ ದನಿ ಬಂತು. ಸ್ವಂತ ನಿಂತು ಹಾಕಿಸಿದ ನೆಲ ಅದು.

ಮಿಸ್ ಮನೆಗೆ ಹೋಗಿ ಒಂದು ಗೋಲಿ ತಂದರು. ನೆಲದ ಮೇಲಿಟ್ಟರು. ಗೋಲಿ ಅಲ್ಲಾಡಲಿಲ್ಲ. ಜಾಗ ಬದಲಾಯಿಸಿ ಇಟ್ಟರು. ಆಗಲೂ ಅಲ್ಲಾಡಲಿಲ್ಲ. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಈ ಗೋಲಿ ಗುಂಡಗಿಲ್ಲ" ಎಂದು ಸೆರಗಿಗೆ ಕಟ್ಟಿಕೊಂಡರು. ಹೋಗುವಾಗ ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿ ತೊಟ್ಟಿಲನ್ನು ನೋಡಿದರು. ಬಾಯಲ್ಲಿ ಸೂಜಿ ಇಲ್ಲದಿದ್ದರೂ ಇದ್ದವರ ಹಾಗೆ ತುಟಿ ಬಿಗಿದಿತ್ತು.

"ಆ ಬೀಗಿತ್ತಿದು ಏನೋ ಅಂದ್ಯಲ್ಲ, ಹಿರಿಸೊಸೆ ಮಗು," ಎಂದರು. "ಎಷ್ಟು ದಿನದ್ದಾಗಿತ್ತು ಪಾಪ?"

ಹೇಳಿದೆ. ಸೆರಗಿನ ಗಂಟು ಬಿಗಿದುಕೊಂಡು ಹೊರಟುಹೋದರು.

ನಾಮಕರಣದ ದಿನ ದೊಡ್ಡಆಲಹಳ್ಳಿಯಿಂದ ಎರಡು ಟೆಂಪೊ ತುಂಬಾ ಜನ ಬಂದರು. ನಡುಮನೆಯಲ್ಲಿ ತೊಟ್ಟಿಲು, ಚೆಂಡುಹೂವಿನ ಹಾರ, ತಲೆದಿಂಬು ಪೂರ್ವಕ್ಕೆ. ಬೀಗಿತ್ತಿ ಬಂದವರೇ ತೊಟ್ಟಿಲಿನ ಅಂಚು ಹಿಡಿದು ಅಲ್ಲಾಡಿಸಿ ನೋಡಿದರು.

"ಬಂಡೆ ಇದ್ದಂಗೈತೆ ಕಣವ್ವ! ಯಾರು ಮಾಡಿದ್ದು?"

ಮಿಸ್ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮಂಡಿನೋವಿನಿಂದ ನೆಲಕ್ಕೆ ಕೂರುವುದನ್ನು ಬಿಟ್ಟು ವರ್ಷಗಳಾಗಿದ್ದವು, ದೇವಸ್ಥಾನದಲ್ಲೂ ಅವರಿಗೆ ಕುರ್ಚಿಯೇ. "ನಾನೇ" ಎಂದರು. ಅವರು ಅಷ್ಟು ಚಿಕ್ಕದಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಗುವಿಗಿಂತ ಮುಂಚೆ ಗುಂಡುಕಲ್ಲು. ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ಬಟ್ಟೆ ಸುತ್ತಿ, ಅದನ್ನು ಮೊದಲು ಮಲಗಿಸಿ ತೂಗುವುದು ಶಾಸ್ತ್ರ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ರಾಗಿಹಿಟ್ಟಿನಲ್ಲಿ ಪರೀಕ್ಷೆ ಮಾಡಿದ್ದ ನನಗೆ ಕಲ್ಲಿನ ನೆನಪೇ ಬಂದಿರಲಿಲ್ಲ. ಹೆಂಗಸರು ಹಾಡು ಎತ್ತಿಕೊಂಡು ತೂಗಿದರು. ಕಲ್ಲಿನ ಭಾರಕ್ಕೆ ತೊಟ್ಟಿಲು ನೆಲ ಉಜ್ಜಿಕೊಂಡು ಜೋರಾಗಿಯೇ ಹೊರಟಿತು.

"ಇದೇನ್ರವ್ವ, ತೊಟ್ಲು ಎತ್ಲಾಗೋ ಹೊಂಟೈತೆ!" ಬೀಗಿತ್ತಿಯ ದನಿ ಏರಿತು. "ಅಯ್ಯೋ, ತಲೆ ಬಡಗಲ ಕಡೆ ತಿರುಗ್ತಾ ಐತಲ್ಲ! ನಿಲ್ಸಿ, ನಿಲ್ಸಿ!"

ಹಾಡು ನಿಂತುಹೋಯಿತು. ಮಗಳು ಮಗುವನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದಳು. ಬೀಗಿತ್ತಿ ಎರಡು ಕೈಯಿಂದಲೂ ತೊಟ್ಟಿಲು ಹಿಡಿದುಕೊಂಡಿದ್ದರು. ಯಾರೋ ಒಬ್ಬರು, "ಬುಟ್ಬುಡಿ, ಬ್ಯಾರೆ ತೊಟ್ಲು ತರ್ಸಿ" ಎಂದರು.

ಮಿಸ್ ಕುರ್ಚಿಯಿಂದ ಎದ್ದರು.

"ತೂಗೋರು ಎಲ್ಲರೂ ಒಂದೇ ಕಡೆಯಿಂದ ಎಳೀತಿದ್ದೀರಿ. ನಿಂತ್ಕೊಂಡು ತೂಗೋ ತೊಟ್ಟಿಲಲ್ಲ ಇದು. ಸರೀರಿ."

ಕ್ಲಾಸಿನ ದನಿ. ದೊಡ್ಡಆಲಹಳ್ಳಿಯವರೂ ಸರಿದರು. ಮಿಸ್ ಕೈಯಾರೆ ತೊಟ್ಟಿಲನ್ನು ಪೂರ್ವಕ್ಕೆ ನೇರ ಮಾಡಿದರು. ಮೊದಲು ತೊಟ್ಟಿಲಂಚು, ಆಮೇಲೆ ನನ್ನ ಹೆಗಲು, ಆಮೇಲೆ ನೆಲ, ಹೀಗೆ ಹಿಡಿದು ಹಿಡಿದು ಕೆಳಗೆ ಕೂತರು. ಮಂಡಿ ಲಟಕ್ಕೆಂದದ್ದು ನನಗೆ ಕೇಳಿಸಿತು. ಗಂಜಿ ಹಾಕಿದ ಸೀರೆಯನ್ನು ಗುಡಾರದ ಹಾಗೆ ಸುತ್ತ ಹರಡಿಕೊಂಡು, ಒಂದು ಕೈಯಿಂದ ತೂಗಿದರು.

ತೊಟ್ಟಿಲು ತೂಗಿತು. ಅಲ್ಲಾಡಬೇಕಾದಷ್ಟು ಅಲ್ಲಾಡಿ, ಇದ್ದಲ್ಲೇ ಇತ್ತು.

ಕಲ್ಲು ತೆಗೆದು ಮಗುವನ್ನು ಮಲಗಿಸಿದರು. ಹೆಸರಿಟ್ಟರು. ಬಂದವರೆಲ್ಲ ಸಾಲಾಗಿ ಬಂದು ತೊಟ್ಟಿಲು ಮುಟ್ಟಿ, ಅಕ್ಷತೆ ಹಾಕಿ, ಫೋಟೊ ತೆಗೆಸಿಕೊಂಡರು. ಮಿಸ್ ಏಳಲಿಲ್ಲ. ಬೀಗಿತ್ತಿ ಕಣ್ಣು ಒರೆಸಿಕೊಂಡು ತಮ್ಮವರಿಗೆಲ್ಲ ಹೇಳಿದರು. "ನೋಡ್ರವ್ವ, ಅಷ್ಟು ಓದ್ದೋರು, ಈ ವಯಸ್ನಾಗೆ ನೆಲಕ್ಕೆ ಕುಂತು ನಮ್ ಕೂಸ್ನ ತೂಗ್ತಾವ್ರೆ. ಇಂಥೋರ್ ಕೈಯಲ್ ಮಾಡ್ಸಿದ್ ತೊಟ್ಲು ಅಂದ್ಮ್ಯಾಕೆ ಇನ್ನೇನ್ ಬೇಕು?"

ಬಿದ್ದ ಹೂವು ಎತ್ತಿಕೊಳ್ಳಲು ನಾನು ಬಗ್ಗಿದೆ. ಸೀರೆಯ ಗುಡಾರದ ಅಂಚು ಸ್ವಲ್ಪ ಮೇಲೆದ್ದಿತ್ತು. ಮಿಸ್‌ರ ಪಾದ ತಲೆಕಡೆಯ ಬಾಗುಕಾಲಿನ ಹೊರತುದಿಗೆ ಒತ್ತಿಕೊಂಡು ಗೂಟದಂತೆ ನಿಂತಿತ್ತು. ತೊಟ್ಟಿಲು ಈ ಕಡೆ ವಾಲಿದಾಗಲೆಲ್ಲ ಮರ ಪಾದದ ಮೇಲೇರಿ ಇಳಿಯುತ್ತಿತ್ತು. ಬೆರಳುಗಳು ಕೆಂಪಗಾಗಿ ಊದಿದ್ದವು. ನಾನು ತಲೆಯೆತ್ತಿ ನೋಡಿದೆ. ಅವರು ಎದುರುಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಎಲೆ ಹಾಕಿಯಾಯಿತೆಂದು ಎಲ್ಲರೂ ಮಹಡಿಗೆ ಊಟಕ್ಕೆ ಹೋದರು. ಬೀಗಿತ್ತಿ ಮಾತ್ರ ಹೋಗಲು ಮನಸ್ಸಿಲ್ಲದೆ, ಮೆಟ್ಟಿಲ ಮೇಲೆ ನಿಂತು, ಕಂಬಿಯ ಸಂದಿನಿಂದ ತೊಟ್ಟಿಲನ್ನೇ ನೋಡುತ್ತಿದ್ದರು.

"ಟೀಚರವ್ವ, ನೀವೂ ಬನ್ನಿ, ಒಂದೆರಡು ತುತ್ತು ಉಣ್ಣಿ."

"ನೀವು ಹೋಗಿಮ್ಮ. ಮಗು ಈಗ ತಾನೇ ಕಣ್ಣು ಮುಚ್ಚಿದೆ. ನಾನು ಇಲ್ಲೇ ಇರ್ತೀನಿ."

ಬೀಗಿತ್ತಿ ಹೋಗಲೂ ಇಲ್ಲ, ತೊಟ್ಟಿಲಿನಿಂದ ಕಣ್ಣು ಕೀಳಲೂ ಇಲ್ಲ. ತೂಗುವುದು ನಿಲ್ಲಿಸಿದರೆ ಮಗು ಎಚ್ಚರಾಗುತ್ತದೆ, ಪಾದ ತೆಗೆದರೆ ತೊಟ್ಟಿಲು ಹೊರಡುತ್ತದೆ. ನಾನು ಎರಡು ತಟ್ಟೆಯಲ್ಲಿ ಊಟ ಹಾಕಿಕೊಂಡು ಬಂದು ಮಿಸ್ ಪಕ್ಕದಲ್ಲಿ ಕೂತೆ. ತಟ್ಟೆ ಕೊಡುವ ನೆಪದಲ್ಲಿ ನನ್ನ ಸೆರಗನ್ನು ಅವರ ಸೀರೆಯ ಮೇಲೆ ಹರಡಿ, ಕಾಲು ಚಾಚಿ, ನನ್ನ ಪಾದವನ್ನು ಅವರ ಪಾದದ ಪಕ್ಕಕ್ಕೆ ತೂರಿಸಿದೆ. ಅವರು ನನ್ನತ್ತ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ, ತಮ್ಮ ಕಾಲನ್ನು ಎಳೆದುಕೊಂಡರು. ಮರದ ಭಾರ ನನ್ನ ಬೆರಳುಗಳ ಮೇಲೆ ಬಿತ್ತು. ನಾನು 'ಹಾ' ಎನ್ನದಂತೆ ತುಟಿ ಕಚ್ಚಿಕೊಂಡೆ.

"ಬೆರಳಲ್ಲ ಕಣೇ, ಹಿಮ್ಮಡಿ ಕೊಡು" ಎಂದರು ಮಿಸ್, ಹೋಳಿಗೆ ಮುರಿಯುತ್ತಾ, ತುಟಿ ಅಲ್ಲಾಡಿಸದೆ. "ಬೆರಳು ಕೊಟ್ರೆ ಸಾಯಂಕಾಲದವರೆಗೆ ತಡೆಯಲ್ಲ."

ನಾನು ಹಿಮ್ಮಡಿ ಕೊಟ್ಟೆ. ಮೆಟ್ಟಿಲ ಮೇಲಿದ್ದ ಬೀಗಿತ್ತಿ ನಿಟ್ಟುಸಿರು ಬಿಟ್ಟು ಊಟಕ್ಕೆ ಹೋದರು.